ತಿಂಗಳಿಗೊಮ್ಮೆ ಬದಲಾಗುವ ಗೋಡೆಗಳು

ನಾಳೆ ಸಂಜೆ ಪ್ರದರ್ಶನ ಆರಂಭವಾಗಲಿದೆ ಎನ್ನುವ ದಿನ ನಮ್ಮ ಸಮುದಾಯ ಗ್ಯಾಲರಿಯೊಳಗೆ ಕಾಲಿಟ್ಟವರಿಗೆ ಒಂದು ಚಿತ್ರವೂ ಕಾಣಿಸುವುದಿಲ್ಲ. ಎಲ್ಲ ಕೃತಿಗಳೂ ಗೋಡೆಯ ಬುಡದಲ್ಲಿ ಹಾಸಿದ ಮೆತ್ತನೆಯ ಬಟ್ಟೆಯ ಮೇಲೆ, ಮುಖವನ್ನು ಗೋಡೆಗೆ ಮಾಡಿ, ಒಂದರ ಪಕ್ಕ ಒಂದು ಒರಗಿ ನಿಂತಿರುತ್ತವೆ. ಕಾಣುವುದು ಅವುಗಳ ಬೆನ್ನು ಮಾತ್ರ. ಆ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಶೀರ್ಷಿಕೆ, ಎರಡು ಬದಿಗಳ ನಡುವೆ ಬಿಗಿದ ತಂತಿ, ಒಮ್ಮೊಮ್ಮೆ ಹಳೆಯ ಪ್ರದರ್ಶನವೊಂದರ ಚೀಟಿ, ಕೆಲವು ಕ್ಯಾನ್ವಾಸುಗಳಲ್ಲಿ ಕಲಾವಿದರು ಅರ್ಧಕ್ಕೇ ಕೈಬಿಟ್ಟ ಇನ್ನೊಂದು ಚಿತ್ರದ ಗೆರೆಗಳೂ ಇರುತ್ತವೆ. ಏಳು ವರ್ಷಗಳಿಂದ ನಾನು ಈ ಗ್ಯಾಲರಿಯಲ್ಲಿ ಚಿತ್ರಗಳನ್ನು ತೂಗುಹಾಕುವ ಕೆಲಸ ಮಾಡುತ್ತಿದ್ದೇನೆ. ಪ್ರತಿ ತಿಂಗಳ ಮೊದಲ ಶುಕ್ರವಾರ ಸಂಜೆ ಹೊಸ ಪ್ರದರ್ಶನವೊಂದು ತೆರೆಯುತ್ತದೆ, ಕೊನೆಯ ಭಾನುವಾರ ಮುಚ್ಚುತ್ತದೆ. ಹೀಗೆ ಎಂಬತ್ತಕ್ಕೂ ಹೆಚ್ಚು ಬಾರಿ ಅದೇ ನಾಲ್ಕು ಗೋಡೆಗಳಿಗೆ ಮೊಳೆ ಹೊಡೆದಿದ್ದೇನೆ, ಅಷ್ಟೇ ಬಾರಿ ಆ ಮೊಳೆಗಳನ್ನು ಕಿತ್ತಿದ್ದೇನೆ.

ಚಿತ್ರ ತೂಗುಹಾಕುವುದು ಮೊಳೆ ಮತ್ತು ಸುತ್ತಿಗೆಯ ಕೆಲಸ ಎಂದು ಮೊದಲು ನಾನೂ ಭಾವಿಸಿದ್ದೆ. ಅದು ನಿಜಕ್ಕೂ ಕಣ್ಣು ಮತ್ತು ಅಳತೆಪಟ್ಟಿಯ ಕೆಲಸ. ನಿಂತು ನೋಡುವವರ ಕಣ್ಣಿನ ಮಟ್ಟವನ್ನು ಗಮನಿಸಿ, ಚಿತ್ರದ ನಡುಬಿಂದು ನೆಲದಿಂದ 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿರಬೇಕು ಎಂಬ ಲೆಕ್ಕವನ್ನು ಗ್ಯಾಲರಿಗಳು ಸಾಮಾನ್ಯವಾಗಿ ಪಾಲಿಸುತ್ತವೆ. ನಾವು 148 ಎಂದು ಇಟ್ಟುಕೊಂಡಿದ್ದೇವೆ. ಚೌಕಟ್ಟಿನ ಎತ್ತರ 60 ಸೆಂಟಿಮೀಟರ್ ಇದ್ದು, ಹಿಂಬದಿಯ ತಂತಿಯನ್ನು ಬೆರಳಿನಿಂದ ಮೇಲಕ್ಕೆ ಎಳೆದಾಗ ಅದು ಚೌಕಟ್ಟಿನ ಮೇಲಂಚಿಗಿಂತ 8 ಸೆಂಟಿಮೀಟರ್ ಕೆಳಗೆ ನಿಲ್ಲುವುದಾದರೆ, 148ಕ್ಕೆ ಎತ್ತರದ ಅರ್ಧವಾದ 30 ಕೂಡಿಸಿ 8 ಕಳೆಯಬೇಕು. ಮೊಳೆ 170ರಲ್ಲಿ ಕೂರಬೇಕು. ಪ್ರತಿಯೊಂದು ಚಿತ್ರಕ್ಕೂ ಈ ಲೆಕ್ಕವನ್ನು ಬೇರೆಯಾಗಿಯೇ ಮಾಡಬೇಕು, ಏಕೆಂದರೆ ಎರಡು ಚೌಕಟ್ಟುಗಳ ತಂತಿ ಒಂದೇ ರೀತಿ ಬಿಗಿದಿರುವುದಿಲ್ಲ. ಮೇಲಂಚುಗಳನ್ನು ಸಾಲಾಗಿ ಹೊಂದಿಸಿದರೆ ಅಂದವಾಗಿ ಕಾಣುತ್ತದೆ ಎಂದು ಹೊಸಬರು ಹೇಳುವುದುಂಟು. ಆದರೆ ಅಂಚುಗಳು ಸಾಲಾದಾಗ ನೋಡುವವರ ಗಮನ ಸಾಲಿನ ಕಡೆಗೆ ಹೋಗುತ್ತದೆ. ನಡುಬಿಂದುಗಳು ಸಾಲಾದಾಗ ಕಣ್ಣು ಒಂದು ಚಿತ್ರದ ಒಳಗಿನಿಂದ ಇನ್ನೊಂದು ಚಿತ್ರದ ಒಳಕ್ಕೆ ನೇರವಾಗಿ ನಡೆಯುತ್ತದೆ.

ಎತ್ತರದ ಈ ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು, ಆದರೆ ಅದಕ್ಕಾಗಿ ಜಗಳವೇ ನಡೆದದ್ದುಂಟು. ಲಂಡನ್ನಿನ ರಾಯಲ್ ಅಕಾಡೆಮಿ ಎಂಬ ಕಲಾಸಂಸ್ಥೆ 1768ರಲ್ಲಿ ಸ್ಥಾಪನೆಯಾಯಿತು. ಅದರ ವಾರ್ಷಿಕ ಪ್ರದರ್ಶನ 1769ರಿಂದ ಇಂದಿನವರೆಗೆ ಒಂದು ವರ್ಷವೂ ತಪ್ಪದೆ ನಡೆದುಬಂದಿದೆ. ಆ ಕಾಲದಲ್ಲಿ ಗೋಡೆಯ ಒಂದಿಂಚೂ ಕಾಣದಂತೆ, ಛಾವಣಿಯವರೆಗೆ ಚೌಕಟ್ಟಿಗೆ ಚೌಕಟ್ಟು ಹೊಂದಿಸಿ ಚಿತ್ರಗಳನ್ನು ಜೋಡಿಸುತ್ತಿದ್ದರು. 1784ರಲ್ಲಿ ಹೆಸರಾಂತ ಕಲಾವಿದ ಥಾಮಸ್ ಗೇನ್ಸ್‌ಬರೋ ಅವರು ಮೂವರು ಹಿರಿಯ ರಾಜಕುಮಾರಿಯರ ಭಾವಚಿತ್ರವನ್ನು ನಿಯಮಕ್ಕಿಂತ ಸ್ವಲ್ಪ ಕೆಳಗೆ ತೂಗುಹಾಕಬೇಕೆಂದು ಕೇಳಿಕೊಂಡರು. ಹಗುರವಾದ ಕುಂಚದಿಂದ, ಕೋಮಲವಾದ ಬಣ್ಣಗಳಲ್ಲಿ ಬಿಡಿಸಿದ ಚಿತ್ರ ಅಷ್ಟು ಎತ್ತರದಲ್ಲಿ ತನ್ನ ಗುಣವನ್ನು ಕಳೆದುಕೊಳ್ಳುತ್ತದೆ ಎಂಬುದು ಅವರ ಆತಂಕವಾಗಿತ್ತು. ಅಕಾಡೆಮಿ ಒಪ್ಪಲಿಲ್ಲ. ಅವರು ತಮ್ಮ ಚಿತ್ರಗಳನ್ನೆಲ್ಲ ಹಿಂದಕ್ಕೆ ತರಿಸಿಕೊಂಡರು. 1788ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಗೆ ಮತ್ತೆ ಒಂದು ಚಿತ್ರವನ್ನೂ ಕಳುಹಿಸಲಿಲ್ಲ. ಕೆಲವು ಅಂಗುಲಗಳ ಮಾತಿಗೆ ಅಂಥ ಕಲಾವಿದನನ್ನೇ ಆ ಸಂಸ್ಥೆ ಕಳೆದುಕೊಂಡಿತು. ಅಳತೆಪಟ್ಟಿ ಹಿಡಿದಾಗಲೆಲ್ಲ ಈ ಘಟನೆ ನನ್ನ ನೆನಪಿಗೆ ಬರುತ್ತದೆ.

ಪ್ರದರ್ಶನದ ಆರಂಭಕ್ಕೆ ಫ್ರೆಂಚರು ಬಳಸುವ ಪದ ವೆರ್ನಿಸಾಜ್. ಅದರ ಮೂಲಾರ್ಥ ವಾರ್ನಿಷ್ ಬಳಿಯುವುದು. ಜನರು ಬರುವ ಮುನ್ನ ಕಲಾವಿದರೇ ಬಂದು, ಗೋಡೆಯ ಮೇಲಿದ್ದ ತಮ್ಮ ತೈಲಚಿತ್ರಗಳಿಗೆ ಕೊನೆಯ ಬಾರಿ ವಾರ್ನಿಷ್ ಲೇಪಿಸಿ, ಅಲ್ಲಲ್ಲಿ ತಿದ್ದುವ ದಿನ ಅದು. ರಾಯಲ್ ಅಕಾಡೆಮಿಯೂ 1809ರಲ್ಲಿ ಇಂಥ ದಿನಗಳನ್ನು ವಿಧ್ಯುಕ್ತವಾಗಿ ಗೊತ್ತುಪಡಿಸಿತು. 1832ರಲ್ಲಿ ಜಾನ್ ಕಾನ್‌ಸ್ಟೆಬಲ್ ಅವರು ಹಲವು ವರ್ಷ ತಿದ್ದಿ ತೀಡಿದ್ದ ವಾಟರ್‌ಲೂ ಸೇತುವೆಯ ವರ್ಣಮಯ ಚಿತ್ರದ ಪಕ್ಕದಲ್ಲೇ ವಿಲಿಯಂ ಟರ್ನರ್ ಅವರ ಬೂದುಬಣ್ಣದ ಸಮುದ್ರಚಿತ್ರವಿತ್ತು. ಟರ್ನರ್ ಬಂದು, ಎರಡೂ ಚಿತ್ರಗಳನ್ನು ನೋಡಿ, ತಮ್ಮ ಸಮುದ್ರದ ನಡುವೆ ಒಂದು ಕೆಂಪು ಚುಕ್ಕೆಯನ್ನಿಟ್ಟು ಹೊರಟುಹೋದರು. ಆಮೇಲೆ ಬಂದು ಅದನ್ನು ನೀರಿನಲ್ಲಿ ತೇಲುತ್ತಾ ಹಡಗುಗಳಿಗೆ ದಾರಿ ತೋರುವ ಬೋಯ್ ಆಗಿ ತಿದ್ದಿದರು. ಆ ಒಂದು ಚುಕ್ಕೆಯಿಂದ ಪಕ್ಕದ ಚಿತ್ರದ ಬಣ್ಣಗಳೆಲ್ಲ ಮಂಕಾದವು ಎನ್ನುತ್ತಾರೆ. ಇದನ್ನು ಇಬ್ಬರ ನಡುವಿನ ಪೈಪೋಟಿಯ ಕತೆಯಾಗಿ ಹೇಳುವವರೇ ಹೆಚ್ಚು. ನನಗೆ ಅದು ನೆರೆಹೊರೆಯ ಕತೆಯಾಗಿ ಕಾಣುತ್ತದೆ. ಚಿತ್ರಶಾಲೆಯಲ್ಲಿ ಒಂಟಿಯಾಗಿದ್ದಾಗ ಮುಗಿದಿದ್ದ ಚಿತ್ರ, ಗೋಡೆಗೆ ಬಂದು ಇನ್ನೊಬ್ಬರ ಚಿತ್ರದ ಪಕ್ಕ ನಿಂತಾಗ ಮುಗಿದಿರಲಿಲ್ಲ.

ನಮ್ಮ ಗ್ಯಾಲರಿಯ ಗುರುವಾರಗಳಲ್ಲಿ ನಾನು ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಮನೆಯಲ್ಲಿ ಎಷ್ಟೋ ವರ್ಷ ಒಬ್ಬರೇ ಕುಳಿತು ಚಿತ್ರ ಬಿಡಿಸಿದವರು ತಮ್ಮ ಕೃತಿಯನ್ನು ಅಪರಿಚಿತರ ಕೃತಿಯ ಪಕ್ಕದಲ್ಲಿ ಮೊದಲ ಬಾರಿ ನೋಡಿದಾಗ ಮಾತು ನಿಲ್ಲಿಸುತ್ತಾರೆ. ಹತ್ತು ಹೆಜ್ಜೆ ಹಿಂದಕ್ಕೆ ಹೋಗುತ್ತಾರೆ, ಮತ್ತೆ ಹತ್ತಿರ ಬರುತ್ತಾರೆ. ಚಿಕ್ಕ ಕೋಣೆಯಲ್ಲಿ ಬಿಡಿಸಿದ ದೊಡ್ಡ ಚಿತ್ರವನ್ನು ಅದರ ಕಲಾವಿದರೇ ಅಷ್ಟು ದೂರದಿಂದ ನೋಡಿರುವುದಿಲ್ಲ. ಒಬ್ಬರು ತಮ್ಮ ಚಿತ್ರದ ಎಡಮೂಲೆಯ ಮರವನ್ನು ತೋರಿಸಿ, ‘ಇದು ಇಲ್ಲಿ ಬೇಕಾಗಿರಲಿಲ್ಲ, ಇವತ್ತು ತಿಳಿಯಿತು’ ಎಂದರು. ಅವರ ದನಿಯಲ್ಲಿ ಬೇಸರವಿರಲಿಲ್ಲ. ಬಹಳ ದಿನಗಳಿಂದ ಕಾಡುತ್ತಿದ್ದ ಪ್ರಶ್ನೆಗೆ ಉತ್ತರ ಸಿಕ್ಕ ನೆಮ್ಮದಿಯಿತ್ತು. ಸ್ಥಳೀಯ ಕಲಾವಿದರಿಗೆ ಗ್ಯಾಲರಿ ಕೊಡುವ ಮೊದಲ ಪ್ರಯೋಜನ ಈ ದೂರ ಎಂದು ನಾನು ನಂಬುತ್ತೇನೆ. ಚಪ್ಪಾಳೆ, ಮಾರಾಟ, ಪತ್ರಿಕೆಯ ಸುದ್ದಿ ಎಲ್ಲವೂ ಅದರ ನಂತರದವು.

ಶುಕ್ರವಾರದ ಸಂಜೆಯ ಮಾತಿಗೆ ಬರುತ್ತೇನೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪ್ರಸಿದ್ಧ ಚಿತ್ರಗಳ ಮುಂದೆ ಜನರು ನಿಲ್ಲುವ ಸಮಯವನ್ನು ಅಳೆದಿತ್ತು. ಸರಾಸರಿ 27 ಸೆಕೆಂಡುಗಳು. ಅರ್ಧದಷ್ಟು ನೋಟಗಳು 17 ಸೆಕೆಂಡುಗಳೊಳಗೇ ಮುಗಿದಿದ್ದವು. ಚಿತ್ರದ ಪಕ್ಕದ ಚೀಟಿಯನ್ನು ಓದುವ ಸಮಯವೂ ಅದರಲ್ಲೇ ಸೇರಿತ್ತು. ಜಗತ್ತೇ ಮೆಚ್ಚಿದ ಕೃತಿಗಳಿಗೆ ಇಷ್ಟೇ ಸಮಯ ಸಿಗುವಾಗ, ಹೆಸರಿಲ್ಲದ ನೆರೆಯವರೊಬ್ಬರ ಚಿತ್ರಕ್ಕೆ ಎಷ್ಟು ಸಿಕ್ಕೀತು ಎಂದು ಕೇಳಬಹುದು. ನಾನು ಗಡಿಯಾರ ಹಿಡಿದು ಅಳೆದಿಲ್ಲ. ಆದರೆ ಆರಂಭದ ಸಂಜೆಗಳಲ್ಲಿ ಒಂದೇ ಚಿತ್ರದ ಮುಂದೆ ಹತ್ತು ನಿಮಿಷ ನಿಂತವರನ್ನು ಪ್ರತಿ ತಿಂಗಳೂ ನೋಡುತ್ತೇನೆ. ಕಾರಣ ಸರಳ: ಚಿತ್ರ ಬಿಡಿಸಿದವರು ಅದರ ಪಕ್ಕದಲ್ಲೇ ನಿಂತಿರುತ್ತಾರೆ, ನೋಡುವವರಿಗೆ ಅವರು ಹೇಗೋ ಪರಿಚಿತರಾಗಿರುತ್ತಾರೆ, ದಿನವೂ ಕಾಣುವ ಆ ಮನುಷ್ಯನೊಳಗೆ ಇಂಥದ್ದೊಂದು ಇತ್ತೇ ಎಂಬ ಬೆರಗು ಕಾಲನ್ನು ಹಿಡಿದು ನಿಲ್ಲಿಸುತ್ತದೆ.

ಎರಡು ವರ್ಷಗಳ ಹಿಂದೆ, ನಿವೃತ್ತ ಬಸ್ ಚಾಲಕರೊಬ್ಬರ ಹದಿನಾಲ್ಕು ಚಿತ್ರಗಳನ್ನು ತೂಗುಹಾಕಿದ್ದೆವು. ಎಲ್ಲವೂ ರಸ್ತೆಗಳು; ಎಲ್ಲವನ್ನೂ ಒಂದೇ ಎತ್ತರದಿಂದ, ಬಸ್ಸಿನ ಮುಂಗಾಜಿನ ಹಿಂದೆ ಕುಳಿತ ಕಣ್ಣಿಗೆ ಕಾಣುವಂತೆ ಬಿಡಿಸಲಾಗಿತ್ತು. ನಸುಕಿನ ರಸ್ತೆ, ಮಳೆಯ ರಸ್ತೆ, ಎದುರಿನ ವಾಹನದ ದೀಪಕ್ಕೆ ಬೆಳ್ಳಗಾದ ರಸ್ತೆ. ಅವರು ಎಲ್ಲಿಯೂ ಕಲೆ ಕಲಿತವರಲ್ಲ. ಡಾಂಬರಿನ ಬಣ್ಣ ಕಪ್ಪಲ್ಲ, ಅದು ಗಳಿಗೆಗೊಂದು ಬಣ್ಣ ಎಂಬುದನ್ನು ಮೂವತ್ತು ವರ್ಷ ನೋಡಿ ತಿಳಿದವರು. ಒಬ್ಬ ಹುಡುಗಿ ಎಲ್ಲ ಚಿತ್ರಗಳನ್ನೂ ಸುತ್ತಿಬಂದು, ‘ತಾತಾ, ಒಂದರಲ್ಲೂ ಬಸ್ಸೇ ಇಲ್ಲವಲ್ಲ?’ ಎಂದು ಕೇಳಿದಳು. ‘ನಾನು ಅದರೊಳಗೇ ಕೂತಿದ್ದೆನಲ್ಲ ಮಗೂ’ ಎಂದರು ಅವರು. ಆಗ ಅಲ್ಲಿದ್ದ ಹಿರಿಯರೂ ಮತ್ತೊಮ್ಮೆ ಮೊದಲ ಚಿತ್ರದಿಂದ ನೋಡಲು ಆರಂಭಿಸಿದರು. ಆ ಸಂಜೆ ಯಾರೂ ಭಾಷಣ ಮಾಡಲಿಲ್ಲ; ಮಾಡಿದ್ದರೂ ಆ ಒಂದು ವಾಕ್ಯಕ್ಕಿಂತ ಹೆಚ್ಚೇನನ್ನೂ ಹೇಳಲು ಆಗುತ್ತಿರಲಿಲ್ಲ. ಆರಂಭದ ಸಂಜೆಯಲ್ಲಿ ಕಲಾವಿದರು ಐದು ನಿಮಿಷಕ್ಕಿಂತ ಹೆಚ್ಚು ಮಾತನಾಡಬೇಕಾಗಿಲ್ಲ, ಬೇರೆಯವರು ಮಾತನಾಡಬೇಕಾಗಿಯೇ ಇಲ್ಲ ಎಂಬ ನನ್ನ ಅಭಿಪ್ರಾಯ ಅಂದಿನಿಂದ ಗಟ್ಟಿಯಾಗಿದೆ.

ಪ್ರದರ್ಶನ ವರ್ಷಕ್ಕೊಂದಾಗಿದ್ದರೆ ಆ ಚಾಲಕರಿಗೆ ನಮ್ಮ ಗೋಡೆಗಳು ಸಿಗುತ್ತಿದ್ದವೇ ಎಂಬುದು ನನಗೆ ಅನುಮಾನ. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದೂ ಇದೇ: ಇಂಥ ಗ್ಯಾಲರಿಗಳ ಜೀವ ಇರುವುದು ಅವು ಪ್ರತಿ ತಿಂಗಳೂ ತೆರೆಯುವುದರಲ್ಲಿ. ವರ್ಷಕ್ಕೆ ಒಂದೇ ಬಾಗಿಲು ತೆರೆಯುವುದಾದರೆ ಆ ಬಾಗಿಲಲ್ಲಿ ನೂಕುನುಗ್ಗಲಾಗುತ್ತದೆ, ಒಳಗೆ ಬಿಡುವವರ ಕೈಗೆ ಅತಿಯಾದ ಅಧಿಕಾರ ಬರುತ್ತದೆ, ಹೊರಗುಳಿದವರಿಗೆ ಆ ನಿರಾಕರಣೆ ಒಂದು ವರ್ಷದಷ್ಟು ಭಾರವಾಗುತ್ತದೆ. ಹನ್ನೆರಡು ಬಾಗಿಲುಗಳಿದ್ದರೆ ಯಾವ ಬಾಗಿಲೂ ಕೊನೆಯದಾಗುವುದಿಲ್ಲ.

ಪ್ಯಾರಿಸ್ಸಿನ ಸಲೋನ್ ಇದಕ್ಕೆ ದೊಡ್ಡ ಉದಾಹರಣೆ. 1667ರಲ್ಲಿ ಮೊದಲಾದ ಆ ಪ್ರದರ್ಶನ 1737ರಿಂದ ಕ್ರಮವಾಗಿ ಲೂವ್ರ್ ಅರಮನೆಯ ಸಲೋನ್ ಕಾರೆ ಎಂಬ ಕೋಣೆಯಲ್ಲಿ ನಡೆಯತೊಡಗಿತು. ಕೋಣೆಯ ಹೆಸರೇ ಪ್ರದರ್ಶನಕ್ಕೂ ಅಂಟಿತು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಫ್ರಾನ್ಸಿನ ಕಲಾವಿದರ ಅನ್ನದ ದಾರಿಯನ್ನು ಬಹುಮಟ್ಟಿಗೆ ಅದರ ಆಯ್ಕೆ ಸಮಿತಿಯೇ ನಿರ್ಧರಿಸುತ್ತಿತ್ತು. 1863ರಲ್ಲಿ ಸಮಿತಿ ಸಾವಿರಾರು ಕೃತಿಗಳನ್ನು ತಿರಸ್ಕರಿಸಿದಾಗ ದೂರು ಚಕ್ರವರ್ತಿ ಮೂರನೆಯ ನೆಪೋಲಿಯನ್‌ವರೆಗೆ ಹೋಯಿತು. ತಿರಸ್ಕೃತ ಕೃತಿಗಳನ್ನೂ ಜನರ ಮುಂದಿಡಬೇಕೆಂದು ಅವನು ಆಜ್ಞೆ ಮಾಡಿದ. ‘ತಿರಸ್ಕೃತರ ಸಲೋನ್’ ಎಂದೇ ಹೆಸರಾದ ಆ ಪ್ರದರ್ಶನದಲ್ಲಿ ಎದುವಾರ್ ಮಾನೆ, ಪಿಸಾರೋ, ವಿಸ್ಲರ್ ಅವರ ಚಿತ್ರಗಳಿದ್ದವು. ಹುಲ್ಲಿನ ಮೇಲೆ ಕುಳಿತವರನ್ನು ಚಿತ್ರಿಸಿದ ಮಾನೆ ಅವರ ಚಿತ್ರದ ಮುಂದೆ ಜನ ನಿಂತು ನಕ್ಕರು. ಇಂದು ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಮ್ಮಿನಲ್ಲಿರುವ ಆ ಚಿತ್ರವನ್ನು ನೋಡಲು ಜಗತ್ತಿನ ಎಲ್ಲೆಡೆಯಿಂದ ಜನ ಬರುತ್ತಾರೆ.

1874ರ ಏಪ್ರಿಲ್ 15ರಂದು, ಸಲೋನ್‌ಗಾಗಿ ಕಾಯುವುದನ್ನು ಬಿಟ್ಟ ಸುಮಾರು ಮೂವತ್ತು ಕಲಾವಿದರು ಛಾಯಾಗ್ರಾಹಕ ನಾಡಾರ್ ಅವರ ಹಿಂದಿನ ಸ್ಟುಡಿಯೊದಲ್ಲಿ ತಮ್ಮದೇ ಪ್ರದರ್ಶನ ತೆರೆದರು. ಮೋನೆ, ರೆನ್ವಾರ್, ದೆಗಾ, ಸೆಜಾನ್, ಬೆರ್ತ್ ಮೊರಿಸೋ ಅವರೆಲ್ಲ ಅಲ್ಲಿದ್ದರು. ಆ ಪ್ರದರ್ಶನದ ಬಗ್ಗೆ ಬರೆಯುವವರು ‘ಇಂಪ್ರೆಷನಿಸಂ’ ಎಂಬ ಕಲಾಪಂಥದ ಹೆಸರು ಹುಟ್ಟಿದ್ದನ್ನು ಹೇಳದೆ ಬಿಡುವುದಿಲ್ಲ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಅದರ ವೇಳಾಪಟ್ಟಿ. ಹಗಲಿನ ವೇಳೆಯ ಜೊತೆಗೆ ರಾತ್ರಿ ಎಂಟರಿಂದ ಹತ್ತರವರೆಗೂ ಅವರು ಬಾಗಿಲು ತೆರೆದಿಟ್ಟಿದ್ದರು. ಹಗಲೆಲ್ಲ ದುಡಿಯುವವರೂ ಚಿತ್ರ ನೋಡಲು ಬರಬಹುದು ಎಂದು ಯಾರೋ ಕುಳಿತು ಯೋಚಿಸಿರಬೇಕು, ದೀಪದ ವ್ಯವಸ್ಥೆಯನ್ನೂ ಮಾಡಿರಬೇಕು. ನಮ್ಮ ಗ್ಯಾಲರಿಯ ಸಮಯವನ್ನು ಸಂಜೆ ಆರರಿಂದ ಒಂಬತ್ತೂವರೆಯವರೆಗೆ ವಿಸ್ತರಿಸಬೇಕೆಂದು ಸಭೆಯಲ್ಲಿ ವಾದಿಸುವಾಗ ನಾನು ಈ ಮಾತನ್ನೇ ಮುಂದಿಟ್ಟಿದ್ದೆ.

ಹತ್ತು ವರ್ಷಗಳ ತರುವಾಯ, 1884ರಲ್ಲಿ, ಸೆರಾ, ಸಿನ್ಯಾಕ್ ಮೊದಲಾದವರು ಸೇರಿ ಕಟ್ಟಿದ ಸ್ವತಂತ್ರ ಕಲಾವಿದರ ಸಂಘ ಆಯ್ಕೆ ಸಮಿತಿಯೂ ಬೇಡ, ಬಹುಮಾನವೂ ಬೇಡ ಎಂದು ನಿರ್ಧರಿಸಿತು. ಪ್ಯಾರಿಸ್ಸಿನ ಸುಂಕದ ಕಟ್ಟೆಯೊಂದರ ನೌಕರ, ಯಾವ ಕಲಾಶಾಲೆಗೂ ಹೋಗದ ಆನ್ರಿ ರೂಸೋ 1886ರಲ್ಲಿ ತನ್ನ ಚಿತ್ರಗಳನ್ನು ಅಲ್ಲಿಗೆ ತಂದರು. ವಿಮರ್ಶಕರು ನಕ್ಕರು, ರೂಸೋ ಮುಂದಿನ ವರ್ಷವೂ ತಂದರು, ಹೆಚ್ಚುಕಡಿಮೆ ಪ್ರತಿ ವರ್ಷವೂ ತರುತ್ತಲೇ ಇದ್ದರು. 1908ರಲ್ಲಿ ಯುವ ಪಿಕಾಸೋ ತನ್ನ ಸ್ಟುಡಿಯೊದಲ್ಲಿ ಅವರ ಗೌರವಾರ್ಥ ಔತಣ ಏರ್ಪಡಿಸುವ ಹೊತ್ತಿಗೆ ಎರಡು ದಶಕಗಳು ಕಳೆದಿದ್ದವು. ಆ ಎರಡು ದಶಕಗಳ ಕಾಲ ಅವರನ್ನು ಕಲಾವಿದರನ್ನಾಗಿ ಉಳಿಸಿದ್ದು, ತಪ್ಪದೆ ತೆರೆಯುತ್ತಿದ್ದ ಬಾಗಿಲೊಂದು ಎಂದೇ ನಾನು ತಿಳಿದಿದ್ದೇನೆ.

ಹಾಗೆಂದು ಆಯ್ಕೆಯೇ ಬೇಡ ಎನ್ನುವಷ್ಟು ಧೈರ್ಯ ನನಗಿಲ್ಲ. ನಾಲ್ಕು ಗೋಡೆಗಳ ಮೇಲೆ ಮೂವತ್ತು ಚಿತ್ರಗಳಿಗಿಂತ ಹೆಚ್ಚು ಹಿಡಿಸಿದರೆ ಯಾವ ಚಿತ್ರಕ್ಕೂ ಉಸಿರಾಡಲು ಜಾಗವಿರುವುದಿಲ್ಲ. ಆದ್ದರಿಂದ ಆಯ್ಕೆ ಇದೆ, ಮೂವರ ಸಮಿತಿ ಇದೆ. ಮೂವರೂ ನಾಲ್ಕು ತಿಂಗಳಿಗೊಮ್ಮೆ ಬದಲಾಗುತ್ತಾರೆ, ಮೂವರಲ್ಲಿ ಒಬ್ಬರು ಕಲಾವಿದರಲ್ಲದ ನೋಡುಗರೇ ಆಗಿರಬೇಕು. ಬೇಡವೆಂದವರಿಗೆ ಕಾರಣವನ್ನು ಬರೆದು ತಿಳಿಸಲೇಬೇಕು ಎಂಬ ನಿಯಮಕ್ಕಾಗಿ ನಾನು ಬಹಳ ಹೋರಾಡಿದ್ದೇನೆ. ಇಪ್ಪತ್ತಮೂರರ ವಯಸ್ಸಿನಲ್ಲಿ ನಾನು ಒಂದು ವಾರ್ಷಿಕ ಪ್ರದರ್ಶನಕ್ಕೆ ಆರು ರೇಖಾಚಿತ್ರಗಳನ್ನು ಕಳುಹಿಸಿದ್ದೆ. ಅವು ಐದು ತಿಂಗಳ ನಂತರ, ಒಂದರ ಮೂಲೆ ಮಡಚಿದ ಸ್ಥಿತಿಯಲ್ಲಿ, ‘ಆಯ್ಕೆಯಾಗಿಲ್ಲ’ ಎಂಬ ಒಂದೇ ಪದದ ಚೀಟಿಯೊಂದಿಗೆ ಹಿಂತಿರುಗಿದವು. ರೇಖೆ ದುರ್ಬಲವಾಗಿತ್ತೇ, ವಿಷಯ ಹಿಡಿಸಲಿಲ್ಲವೇ, ಜಾಗವಿರಲಿಲ್ಲವೇ ಎಂಬುದು ತಿಳಿಯಲಿಲ್ಲ. ಆಮೇಲೆ ನಾನು ಚಿತ್ರ ಬಿಡಿಸುವುದನ್ನೇ ಬಿಟ್ಟೆ. ಅದು ಆ ಸಂಸ್ಥೆಯೊಂದರ ತಪ್ಪೇ ಆಗಿತ್ತು ಎಂದು ನಾನು ಹೇಳಲಾರೆ. ಆದರೆ ಮೂರು ಸಾಲಿನ ಕಾರಣವೊಂದು ಸಿಕ್ಕಿದ್ದರೆ ಇನ್ನೊಂದು ವರ್ಷವಾದರೂ ಪ್ರಯತ್ನಿಸುತ್ತಿದ್ದೆ ಎಂಬುದು ನನಗೆ ಗೊತ್ತು.

ನಮ್ಮಲ್ಲಿ ಲಿನೋಲಿಯಂ ಹಾಳೆಯನ್ನು ಕೆತ್ತಿ ಮುದ್ರಿಸುವ ತರುಣಿಯೊಬ್ಬಳು ಮೊದಲ ಬಾರಿ ತಂದ ಹತ್ತು ಅಚ್ಚುಗಳನ್ನು ಸಮಿತಿ ಒಪ್ಪಿರಲಿಲ್ಲ. ಕೆತ್ತನೆ ಸೊಗಸಾಗಿದೆ, ಆದರೆ ರೋಲರಿನಿಂದ ಶಾಯಿ ಸಮನಾಗಿ ಹರಡಿಲ್ಲ, ಹಾಳೆಯ ಅಂಚಿನಲ್ಲಿ ಬೆರಳಚ್ಚುಗಳಿವೆ, ಒಂದೇ ಕೆತ್ತನೆಯ ಪ್ರತಿಗಳು ಒಂದರಂತೆ ಒಂದಿಲ್ಲ ಎಂದು ಬರೆದು ಕೊಟ್ಟೆವು. ಅಚ್ಚಿನ ಕೆಳಗೆ 3/12 ಎಂದು ಬರೆದರೆ ಹನ್ನೆರಡು ಪ್ರತಿಗಳ ಪೈಕಿ ಇದು ಮೂರನೆಯದು ಎಂದರ್ಥ. ಕೊಂಡವರಿಗೆ ಅದು ಕಲಾವಿದರು ಕೊಡುವ ಮಾತು, ಹದಿಮೂರನೆಯದನ್ನು ಮುದ್ರಿಸುವುದಿಲ್ಲ ಎಂಬ ಮಾತು. ಅವಳು ಮೂರು ತಿಂಗಳ ನಂತರ ಮತ್ತೆ ಬಂದಳು. ಕೆತ್ತನೆ ಅದೇ, ಶಾಯಿ ಬೇರೆ, ಹಾಳೆ ಬೇರೆ, ಅಂಚುಗಳು ಸ್ವಚ್ಛ. ಆ ಕಪ್ಪು ಎಷ್ಟು ಆಳವಾಗಿತ್ತೆಂದರೆ ಬಿಳಿಯ ಗೆರೆಗಳು ಹಾಳೆಯಿಂದ ಮೇಲೆದ್ದು ಬರುತ್ತಿರುವಂತೆ ಕಾಣುತ್ತಿತ್ತು. ಮೂರು ತಿಂಗಳು ಎಂಬುದು ತಿದ್ದಿಕೊಳ್ಳಲು ಸಾಕಾಗುವಷ್ಟು ಉದ್ದ, ಆಸೆ ಆರಿಹೋಗದಷ್ಟು ಚಿಕ್ಕದು.

ಬೆಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಖಾಸಗಿ ಗ್ಯಾಲರಿಗಳು ಮಾರಾಟದ ಹಣದಲ್ಲಿ ಅರ್ಧದಷ್ಟನ್ನು ತಾವು ಇಟ್ಟುಕೊಳ್ಳುವುದು ಸಾಮಾನ್ಯ. ಅವರು ಕಲಾವಿದರಿಗಾಗಿ ವರ್ಷಗಟ್ಟಲೆ ಕೆಲಸ ಮಾಡುವುದರಿಂದ ಅದನ್ನು ಅನ್ಯಾಯವೆಂದು ನಾನು ಕರೆಯುವುದಿಲ್ಲ. ನಾವು ಐದರಲ್ಲೊಂದು ಪಾಲನ್ನು ಗೋಡೆಯ ಬಣ್ಣಕ್ಕೆ, ದೀಪಗಳಿಗೆ ಇಟ್ಟುಕೊಳ್ಳುತ್ತೇವೆ. ಒಪ್ಪಂದವನ್ನು ಮಾತಿನಲ್ಲಿ ಬಿಡದೆ ಬರಹದಲ್ಲಿ ಮಾಡಿಕೊಳ್ಳಬೇಕು, ಎಷ್ಟು ದಿನಗಳೊಳಗೆ ಹಣ ಕೊಡಲಾಗುವುದು, ಗ್ಯಾಲರಿಯಲ್ಲಿರುವಾಗ ಕೃತಿಗೆ ಹಾನಿಯಾದರೆ ಹೊಣೆ ಯಾರದು ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ಬರೆಯಬೇಕು. ಪರಿಚಿತರ ನಡುವೆ ಇದು ಇನ್ನೂ ಹೆಚ್ಚು ಅಗತ್ಯ. ಮಾರಾಟವಾದ ಚಿತ್ರದ ಪಕ್ಕ ಅಂಟಿಸುವ ಕೆಂಪು ಚುಕ್ಕೆಯನ್ನು ಮಾತ್ರ ಆರಂಭದ ಸಂಜೆ ಅಂಟಿಸಬಾರದು ಎಂಬುದು ನನ್ನ ಬಲವಾದ ಅಭಿಪ್ರಾಯ. ಚುಕ್ಕೆ ಬಿದ್ದ ಕೂಡಲೇ ಜನ ಚುಕ್ಕೆಗಳನ್ನು ಎಣಿಸಲು ತೊಡಗುತ್ತಾರೆ, ಚುಕ್ಕೆಯಿಲ್ಲದ ಗೋಡೆಯ ಬಳಿ ನಿಂತ ಕಲಾವಿದರು ನೆಲವನ್ನು ನೋಡಲು ತೊಡಗುತ್ತಾರೆ. ಶನಿವಾರ ಬೆಳಿಗ್ಗೆ ಅಂಟಿಸಿದರೂ ಮಾರಾಟ ಮಾರಾಟವೇ.

ಬೆಳಕಿನ ವಿಷಯದಲ್ಲಿ ನಾನು ಮಾಡಿದ ತಪ್ಪೊಂದನ್ನು ಹೇಳಬೇಕು. ಆರಂಭದ ವರ್ಷಗಳಲ್ಲಿ, ಹಿರಿಯ ಕಲಾವಿದೆಯೊಬ್ಬರ ಹೂವಿನ ಜಲವರ್ಣಗಳನ್ನು ಪಶ್ಚಿಮದ ಕಿಟಕಿಯ ಎದುರಿನ ಗೋಡೆಗೆ ಹಾಕಿದೆ. ಸಂಜೆಯ ಬಿಸಿಲು ಅವುಗಳ ಮೇಲೆ ಬಿದ್ದಾಗ ಆ ಗುಲಾಬಿ ಬಣ್ಣ ಒಳಗಿನಿಂದ ದೀಪ ಹಚ್ಚಿದಂತೆ ಹೊಳೆಯುತ್ತಿತ್ತು. ಬಂದವರೆಲ್ಲ ಮೆಚ್ಚಿದರು, ನಾನೂ ಹಿಗ್ಗಿದೆ. ಮೂರು ವಾರಗಳ ನಂತರ ಚಿತ್ರಗಳನ್ನು ಇಳಿಸಿದಾಗ ಕಣ್ಣಿಗೆ ಏನೂ ತೋರಲಿಲ್ಲ. ಆದರೆ ಅವರು ಒಂದು ಚೌಕಟ್ಟನ್ನು ಬಿಚ್ಚಿ, ಸುತ್ತಲಿನ ರಟ್ಟನ್ನು ಮೆಲ್ಲಗೆ ಎತ್ತಿ ನನಗೆ ತೋರಿಸಿದರು. ರಟ್ಟಿನ ಅಡಿಯಲ್ಲಿ ಮುಚ್ಚಿದ್ದ ಅರ್ಧ ಸೆಂಟಿಮೀಟರ್ ಅಗಲದ ಪಟ್ಟಿಯಲ್ಲಿ ಗುಲಾಬಿ ಬಣ್ಣ ಇನ್ನೂ ಗಾಢವಾಗಿತ್ತು. ಅದರ ಪಕ್ಕದಲ್ಲೇ, ಬೆಳಕಿಗೆ ಒಡ್ಡಿಕೊಂಡಿದ್ದ ಭಾಗದಲ್ಲಿ, ಅದು ಒಂದು ಛಾಯೆ ಇಳಿದಿತ್ತು. ಅಲಿಜರಿನ್ ಕ್ರಿಮ್ಸನ್ ಎಂಬ ಆ ಬಣ್ಣ ಬೆಳಕಿಗೆ ಬೇಗ ಮಾಸುವಂಥದ್ದು ಎಂದು ಅವರೇ ವಿವರಿಸಿದರು. ನನ್ನನ್ನು ಬೈಯಲಿಲ್ಲ. ‘ಇನ್ನು ಮುಂದೆ ಬೇರೆಯವರ ಚಿತ್ರಗಳಿಗೆ ಹೀಗಾಗದಂತೆ ನೋಡಿಕೊಳ್ಳಪ್ಪ’ ಎಂದಷ್ಟೇ ಹೇಳಿದರು.

ಅನಂತರ ನಾನು ಓದಿ ತಿಳಿದದ್ದು ಇಷ್ಟು. ಬೆಳಕಿನಿಂದಾಗುವ ಹಾನಿ ಕೂಡಿಕೊಳ್ಳುತ್ತಾ ಹೋಗುತ್ತದೆ. ಕತ್ತಲೆಯಲ್ಲಿಟ್ಟರೆ ಬಣ್ಣ ಮರಳಿ ಬರುವುದಿಲ್ಲ. ಜಲವರ್ಣ ಮತ್ತು ಕಾಗದದ ಮೇಲಿನ ಕೃತಿಗಳಿಗೆ 50 ಲಕ್ಸ್, ತೈಲಚಿತ್ರಗಳಿಗೆ 200 ಲಕ್ಸ್ ಎಂಬುದು ಮ್ಯೂಸಿಯಮ್ಮುಗಳು ಪಾಲಿಸುವ ಮಿತಿ; ಲಕ್ಸ್ ಎಂದರೆ ಬೆಳಕಿನ ಪ್ರಖರತೆಯ ಅಳತೆ. ನೇರ ಬಿಸಿಲು ಇದರ ನೂರಾರು ಪಟ್ಟು ಪ್ರಖರ. ಬ್ರಿಟನ್ನಿನಲ್ಲಿ ರಸೆಲ್ ಮತ್ತು ಅಬ್ನಿ ಎಂಬ ವಿಜ್ಞಾನಿಗಳು ಜಲವರ್ಣಗಳ ಮೇಲೆ ಬೆಳಕಿನ ಪರಿಣಾಮದ ಬಗ್ಗೆ 1888ರಲ್ಲೇ ವರದಿ ಸಲ್ಲಿಸಿದ್ದರು. ಅದಾದ ಕೆಲವೇ ವರ್ಷಗಳಲ್ಲಿ, 1900ರಲ್ಲಿ, ಹೆನ್ರಿ ವಾನ್ ಎಂಬ ಸಂಗ್ರಾಹಕರ ಉಯಿಲಿನಂತೆ ಟರ್ನರ್ ಅವರ 38 ಜಲವರ್ಣಗಳು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ಯಾಲರಿಯನ್ನು ಸೇರಿದವು. ವರ್ಷದಲ್ಲಿ ಬೆಳಕು ಮಂದವಾಗಿರುವ ಜನವರಿ ತಿಂಗಳೊಂದರಲ್ಲಿ ಮಾತ್ರ ಅವುಗಳನ್ನು ಪ್ರದರ್ಶಿಸಬೇಕು ಎಂಬುದು ಅವರ ಷರತ್ತು. ನೂರು ವರ್ಷ ದಾಟಿದ ಮೇಲೂ ಆ ಚಿತ್ರಗಳ ಬಣ್ಣ ಹಸಿಯಾಗಿಯೇ ಉಳಿದಿದೆ. ನಮ್ಮ ಪಶ್ಚಿಮದ ಕಿಟಕಿಗೆ ಈಗ ದಪ್ಪ ಪರದೆಯಿದೆ. ಜಲವರ್ಣಗಳಿರುವ ತಿಂಗಳು ದೀಪಗಳನ್ನು ತಗ್ಗಿಸುತ್ತೇವೆ. ಒಳಗೆ ಬಂದವರ ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕಾಗುತ್ತದೆ, ಆ ಒಂದೆರಡು ನಿಮಿಷ ಅವರು ತಾವಾಗಿಯೇ ನಿಧಾನವಾಗಿ ನಡೆಯುತ್ತಾರೆ.

ಕೊನೆಯ ಭಾನುವಾರ ಸಂಜೆ ಚಿತ್ರಗಳೆಲ್ಲ ಮನೆಗೆ ಹೋದ ಮೇಲೆ ಗೋಡೆಯ ತೂತುಗಳಿಗೆ ಪುಟ್ಟಿ ತುಂಬಿ, ಅದು ಒಣಗಿದ ಮೇಲೆ ಮರಳುಕಾಗದದಿಂದ ಉಜ್ಜಿ, ಬಿಳಿ ಬಣ್ಣ ಬಳಿಯುತ್ತೇವೆ. ಏಳು ವರ್ಷಗಳ ಬಣ್ಣ ಪದರ ಪದರವಾಗಿ ಕೂತಿರುವುದರಿಂದ ಆ ಗೋಡೆಗಳ ಮೈ ಅಂಗೈಗೆ ಸಣ್ಣ ಅಲೆಗಳಂತೆ ಸಿಗುತ್ತದೆ. ಕಳೆದ ಭಾನುವಾರ ಹಾಗೆ ಉಜ್ಜುತ್ತಿದ್ದಾಗ, ನಾಲ್ಕು ವರ್ಷಗಳಿಂದ ಒಂದು ತಿಂಗಳೂ ತಪ್ಪದೆ ನೋಡಲು ಬರುವ ಮಹಿಳೆಯೊಬ್ಬರು ಗಾಲಿಕುರ್ಚಿಯಲ್ಲಿ ಬಂದರು. ಅವರ ಮಡಿಲಲ್ಲಿ ಬಟ್ಟೆ ಸುತ್ತಿದ ಮೂರು ಚೌಕಟ್ಟುಗಳಿದ್ದವು. ಸಮಿತಿ ಅವರ ಇದ್ದಿಲಿನ ಚಿತ್ರಗಳನ್ನು ಮುಂದಿನ ತಿಂಗಳಿಗೆ ಆರಿಸಿರುವುದು ನನಗೆ ತಿಳಿದಿತ್ತು, ಆದರೆ ಚಿತ್ರಗಳನ್ನು ನಾನು ನೋಡಿರಲಿಲ್ಲ. ಒಂದರಲ್ಲಿ ಮೇಜಿನ ಅಂಚು, ಅದರ ಮೇಲೆ ಕೈಗೆ ನಿಲುಕದಷ್ಟು ದೂರದಲ್ಲಿ ಒಂದು ಲೋಟ. ಇನ್ನೊಂದರಲ್ಲಿ ಜನಸಂದಣಿ, ಯಾರಿಗೂ ಮುಖವಿಲ್ಲ, ಬರಿಯ ಕೈಗಳು, ಚೀಲಗಳು, ಅಂಗಿಯ ಗುಂಡಿಗಳು. ಮೂರನೆಯದರಲ್ಲಿ ಬಾಗಿಲಿನ ಹಿಡಿ, ಸರಿಯಾಗಿ ಕಣ್ಣೆದುರಿಗೆ.

ನಾನು ಅಳತೆಪಟ್ಟಿ ತೆಗೆದು, ನಡುಬಿಂದು 148ರಲ್ಲಿರುತ್ತದೆ ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಗೋಡೆಯನ್ನೇ ನೋಡಿ, ‘ನಾಲ್ಕು ವರ್ಷ ಎಲ್ಲ ಚಿತ್ರಗಳನ್ನೂ ತಲೆಯೆತ್ತಿ ನೋಡಿದ್ದೇನೆ. ಇವುಗಳನ್ನು ಸ್ವಲ್ಪ ಕೆಳಗೆ ಹಾಕಲು ಆಗುತ್ತದೆಯೇ?’ ಎಂದು ಕೇಳಿದರು. ಅವರು ಕುಳಿತಲ್ಲಿಗೇ ಹೋಗಿ, ನೆಲದಿಂದ ಅವರ ಕಣ್ಣಿನವರೆಗೆ ಅಳೆದೆ. 116 ಸೆಂಟಿಮೀಟರ್ ಬಂತು. ಪೂರ್ವದ ಗೋಡೆಯ ಉದ್ದಕ್ಕೂ ಆ ಎತ್ತರದಲ್ಲಿ ಪೆನ್ಸಿಲಿನಿಂದ ಒಂದು ತೆಳುವಾದ ಗೆರೆ ಎಳೆದಿದ್ದೇನೆ. ಗುರುವಾರ ಅದರ ಲೆಕ್ಕದಲ್ಲೇ ಮೊಳೆಗಳನ್ನು ಹೊಡೆಯಬೇಕು.